ಒಡೆದ ಕೈಕಾಲಿಗೆ ಮುಲಾಮು: ಗುಣ ಕಾಣಲು ಎಷ್ಟು ದಿನ?



ಮಾಗಿಯ ಚಳಿ ಬಿದ್ದು ಮೂಡಣ ಗಾಳಿ ಬೀಸಲು ತೊಡಗಿತೆಂದರೆ ನಮ್ಮ ಹಳ್ಳಿಗಳಲ್ಲಿ ಹಿಮ್ಮಡಿ ಒಡೆಯದವರು ವಿರಳ. ರಾಗಿ ಕುಯ್ಯುವವರ ಬೆರಳುಗಳು ಬಿರಿಯುತ್ತವೆ. ಬಟ್ಟೆ ಒಗೆದು ಪಾತ್ರೆ ಬೆಳಗುವ ತಾಯಂದಿರ ಅಂಗೈ ಉರಿಯುತ್ತದೆ. ಇಸುಬು ಇರುವ ಮಕ್ಕಳು ರಾತ್ರಿಯೆಲ್ಲ ಕೆರೆದುಕೊಂಡು ಅಳುತ್ತವೆ. ಒಡೆದ ಬೆರಳಿನಲ್ಲಿ ಹಾಲು ಕರೆಯುವ ಕಷ್ಟ ಏನೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೈ ಕಾಲು ನೆಟ್ಟಗಿಲ್ಲದಿದ್ದರೆ ಬೇಸಾಯ ಎಲ್ಲಿಯದು?

ಅಂಗಡಿಯಿಂದ ಮುಲಾಮು ತರುತ್ತೇವೆ. ಮೂರು ದಿನ ಹಚ್ಚುತ್ತೇವೆ. ನಾಲ್ಕನೆಯ ದಿನ, "ಇದರಿಂದ ಏನೂ ಆಗಲಿಲ್ಲ ಬಿಡಿ" ಅಂತ ಡಬ್ಬಿಯನ್ನು ಗೂಡಿಗೆ ಸೇರಿಸುತ್ತೇವೆ. ಆ ಮುಲಾಮಿಗೆ ಸಲ್ಲಬೇಕಾದ ದಿನಗಳನ್ನು ನಾವು ಕೊಟ್ಟೇ ಇರುವುದಿಲ್ಲ. ಹಾಗಾದರೆ ಎಷ್ಟು ದಿನ ಕೊಡಬೇಕು? ಅದನ್ನೇ ಈ ಹೊತ್ತು ವಿಚಾರ ಮಾಡೋಣ.

ಚರ್ಮದ ಮೇಲ್ಪದರ ಇಟ್ಟಿಗೆಯ ಗೋಡೆಯ ಹಾಗೆ ಇರುತ್ತದೆ. ಸಣ್ಣ ಸಣ್ಣ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವೆ ಇರುವ ಜಿಡ್ಡೇ ಗಾರೆ. ಸುಡುನೀರು, ಸೋಪಿನ ಪುಡಿ, ಒಣಗಾಳಿ ಇವು ಈ ಗಾರೆಯನ್ನು ಕಳೆಯುತ್ತವೆ. ಆಗ ಒಳಗಿನ ತೇವ ಆರಿ ಹೋಗಿ, ಬೇಸಗೆಯ ಎರೆಹೊಲದಂತೆ ಚರ್ಮ ಬಿರುಕು ಬಿಡುತ್ತದೆ. ಇಸುಬಿನ ಚರ್ಮದಲ್ಲಂತೂ ಈ ಗಾರೆ ಮೊದಲಿನಿಂದಲೂ ಸಡಿಲ.

ಗಿಡದ ಪಾತಿಗೆ ನೀರು ಕಟ್ಟಿದ ಮೇಲೆ ತರಗು ಹೊದಿಸುತ್ತೀರಲ್ಲ, ಮುಲಾಮಿನ ಕೆಲಸವೂ ಅದೇ. ಇದ್ದ ತೇವವನ್ನು ಆರದಂತೆ ಹಿಡಿಯುವುದು. ಆದುದರಿಂದ ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಾಗಿರುವಾಗಲೇ, 3 ನಿಮಿಷದೊಳಗೆ ಹಚ್ಚಬೇಕು. ಒಣಗಿದ ಪಾತಿಗೆ ತರಗು ಹೊದಿಸಿ ಫಲವೇನು?

ಈಗ ದಿನಗಳ ಲೆಕ್ಕ ಕೇಳಿ.

ಹಚ್ಚಿದ ಮೊದಲ ಗಂಟೆಯಲ್ಲೇ ಬಿಗಿತವೂ ಉರಿಯೂ ತಗ್ಗುತ್ತವೆ. ಇದು ಮೇಲುಮೇಲಿನ ಗುಣ. ಕೈ ತೊಳೆದರೆ ಹೋಯಿತು. ಅದಕ್ಕೇ ದಿನಕ್ಕೆ ಎರಡು ಮೂರು ಸಲ ಹಚ್ಚಬೇಕು.

ಬಿಡದೆ ಹಚ್ಚಿದರೆ ಒಂದು ವಾರದೊಳಗೆ ಹೊಟ್ಟು ಏಳುವುದು, ಒರಟುತನ ಕಡಿಮೆಯಾಗುತ್ತವೆ. ಸಣ್ಣ ಬಿರುಕುಗಳು ಒಂದೆರಡು ವಾರದಲ್ಲಿ ಕೂಡಿಕೊಳ್ಳುತ್ತವೆ. ಆಳವಾಗಿ ಒಡೆದ ಹಿಮ್ಮಡಿಗೆ ನಾಲ್ಕು ವಾರವಾದರೂ ಬೇಕು. ಚರ್ಮ ದಪ್ಪಗಟ್ಟಿದ್ದರೆ ಇನ್ನೂ ಹೆಚ್ಚು. ಇಷ್ಟು ಕಾಲ ಏಕೆ ಅಂತೀರಾ? ಚರ್ಮದ ಬುಡದಲ್ಲಿ ಹುಟ್ಟಿದ ಹೊಸ ಕೋಶ ಮೇಲೆ ಬಂದು ಉದುರಲು ಸುಮಾರು 4 ವಾರ ಹಿಡಿಯುತ್ತದೆ. ವಯಸ್ಸಾದವರಲ್ಲಿ ಇನ್ನೂ ನಿಧಾನ. ರಾಗಿ ಬಿತ್ತಿದ ಮೂರನೆಯ ದಿನ ತೆನೆ ಹುಡುಕುವವರುಂಟೇ?

ಇಸುಬಿಗೆ ಎರಡರಿಂದ ನಾಲ್ಕು ವಾರ ಹಚ್ಚಿ ಆಮೇಲೆ ತೂಗಿ ನೋಡಬೇಕು. 2014ರಲ್ಲಿ ಪ್ರಕಟವಾದ ಫಿಲಿಪೀನ್ಸ್ ದೇಶದ ಒಂದು ಪರೀಕ್ಷೆಯಲ್ಲಿ ಇಸುಬಿನ ಮಕ್ಕಳಿಗೆ ಶುದ್ಧ ಕೊಬ್ಬರಿ ಎಣ್ಣೆ ಹಚ್ಚಿ 8 ವಾರ ಕಾದು ಫಲ ಅಳೆದರು, ಗುಣ ಕಂಡಿತು. ಆದರೆ ಇಸುಬು ಬೇರುಸಹಿತ ಹೋಗುವ ಕಾಯಿಲೆಯಲ್ಲ. ಚರ್ಮ ನುಣುಪಾಯಿತೆಂದು ನಿಲ್ಲಿಸಿದರೆ ಮತ್ತೆ ಮರುಕಳಿಸುತ್ತದೆ. ಕಳೆ ತೆಗೆಯುವ ಕೆಲಸದ ಹಾಗೆ ಇದನ್ನು ನಡೆಸಿಕೊಂಡೇ ಹೋಗಬೇಕು.

ಹೆಚ್ಚು ಬೆಲೆಯದು ಬೇಡ. ವಾಸನೆ ಬೆರೆಸದ ಪೆಟ್ರೋಲಿಯಂ ಜೆಲ್ಲಿ ಸಾಕು. ಬೆರಳ ತುದಿಯ ಗೆರೆಯಷ್ಟು ಉದ್ದ ಮುಲಾಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಅದು ಅಳತೆ. ಕೂದಲು ಬೆಳೆದ ದಿಕ್ಕಿನಲ್ಲಿ ಮೆಲ್ಲನೆ ಸವರಿ, ತಿಕ್ಕಬೇಡಿ. ಹಿಮ್ಮಡಿಗೆ ರಾತ್ರಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ.

ದಪ್ಪ ಹಿಮ್ಮಡಿಗೆ ಯೂರಿಯಾ ಬೆರೆತ ಮುಲಾಮನ್ನು ವೈದ್ಯರು ಹೇಳುವುದುಂಟು. "ಯೂರಿಯಾ ನಮ್ಮ ಮನೆಯಲ್ಲೇ ಮೂಟೆಗಟ್ಟಲೆ ಇದೆಯಲ್ಲ" ಎಂದು ಯಾರೂ ಗೊಬ್ಬರವನ್ನು ಕಲಸಿ ಹಚ್ಚಬಾರದು. ಅದು ಬೆಳೆಗೆ ಮಾಡಿದ್ದು. ಒಡಕಿಗೆ ಬಿದ್ದರೆ ಉರಿ, ಹುಣ್ಣು. ಔಷಧದ ಯೂರಿಯಾ ಮುಲಾಮನ್ನೂ ರಕ್ತ ಒಸರುವ ಬಿರುಕಿಗೆ ಹಾಕಬೇಡಿ.

ಇನ್ನೊಂದು ಮಾತು. 1955ರ ಸುಮಾರಿಗೆ ಪುಣೆಯಲ್ಲಿ ಕಂಡು, ಆಮೇಲೆ ನಮ್ಮ ನಾಡನ್ನೆಲ್ಲ ಹಬ್ಬಿದ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ನಿಮಗೆಲ್ಲ ಗೊತ್ತೇ ಇದೆ. ಮುಖ, ಕಣ್ಣಿನ ರೆಪ್ಪೆ, ಕುತ್ತಿಗೆ, ಮುಂಗೈ ಹೀಗೆ ಬಟ್ಟೆ ಮುಚ್ಚದ ಕಡೆಯಲ್ಲೇ ತುರಿಕೆ ಎದ್ದರೆ ಈ ಗಿಡದ ಮೇಲೆ ಸಂಶಯಪಡಿ. ಅದರ ಸಂಪರ್ಕ ತಪ್ಪದೆ ಮುಲಾಮನ್ನು ಎಷ್ಟು ತಿಂಗಳು ಹಚ್ಚಿದರೂ ವ್ಯರ್ಥ. ಕೀಳುವಾಗ ತುಂಬುತೋಳಿನ ಅಂಗಿ, ಕೈಚೀಲ ಇರಲಿ. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ, ಆ ಬಟ್ಟೆಯನ್ನು ಒಗೆದು ಹಾಕಿ. ಈಗಾಗಲೇ ತುರಿಕೆ ಇರುವವರು ಆ ಗಿಡ ಕೀಳಲು ಹೋಗಲೇಬೇಡಿ.

ಎರಡು ವಾರ ಬಿಡದೆ ಹಚ್ಚಿದರೂ ಕೊಂಚವೂ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಕೀವು, ಹಳದಿ ಹಕ್ಕಳೆ, ಬಾವು, ಜ್ವರ ಇದ್ದರೆ ಎರಡು ವಾರ ಕಾಯುವುದೇ ಬೇಡ. ಸಕ್ಕರೆ ಕಾಯಿಲೆಯವರು ಹಿಮ್ಮಡಿ ಬಿರಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಸಣ್ಣ ಒಡಕಿನಿಂದ ಕಾಲನ್ನೇ ಕಳೆದುಕೊಳ್ಳುವ ಪ್ರಸಂಗ ಬರಬಹುದು. ಬೇಗ ಗುಣವಾಗಲೆಂದು ಸ್ಟೀರಾಯ್ಡ್ ಮುಲಾಮನ್ನು ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಅದನ್ನು ಮನಬಂದಂತೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಹುಳುಕಡ್ಡಿ ಇದ್ದರೆ ಹರಡುತ್ತದೆ.

ಕೊನೆಯದಾಗಿ ಬೆಂಕಿಯ ಎಚ್ಚರ. ಮುಲಾಮು ಹೀರಿದ ಬಟ್ಟೆಗೂ ಹಾಸಿಗೆಗೂ ಕಿಡಿ ತಗುಲಿದರೆ ಬಹು ಬೇಗ ಹೊತ್ತಿಕೊಳ್ಳುತ್ತದೆ. ಒಗೆದರೂ ಜಿಡ್ಡು ಪೂರ್ತಿ ಹೋಗುವುದಿಲ್ಲ. ಅಂಥ ಬಟ್ಟೆ ತೊಟ್ಟು ಒಲೆಯ ಮುಂದೆ ಕೂರಬೇಡಿ, ಬೀಡಿ ಸೇದಬೇಡಿ. ಬಚ್ಚಲ ಕಲ್ಲು ಜಾರುತ್ತದೆ, ನೋಡಿಕೊಂಡು ಕಾಲಿಡಿ.

ಹಚ್ಚಲು ತೊಡಗಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. 7ನೆಯ ದಿನ, 14ನೆಯ ದಿನ, 28ನೆಯ ದಿನ ಕೈಕಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ. ಮುಲಾಮು ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಆಗ ನೀವೇ ಹೇಳಬಲ್ಲಿರಿ.