ನಿಮಗಿದು ಗೊತ್ತೆ? ಬರಹದ ಬೆನ್ನಿಗೇ ಪರವಾನಗಿ

ಸುದ್ದಿತಾಣ, ಪಾಡ್‌ಕಾಸ್ಟ್‌ಗಳಲ್ಲಿ ಹೊಸತು ಬಂದಾಗ ಅದನ್ನು ನಮ್ಮ ಮೊಬೈಲಿಗೆ ಮುಟ್ಟಿಸುವುದು ‘ಫೀಡ್’ ಎಂಬ ಕಡತ. ಅದನ್ನು ಓದುವುದು ತಂತ್ರಾಂಶ. ‘ಲೇಖಕರ ಹೆಸರು ಹಾಕಿ ಮರುಬಳಸಿ’ ಎಂದು ಜಾಲತಾಣದ ಪುಟದ ಅಡಿಯಲ್ಲಿ ಬರೆದಿಟ್ಟರೆ ಅದಕ್ಕೆ ತಿಳಿಯದು. ಬರಹ ಊರೆಲ್ಲ ಸುತ್ತುತ್ತದೆ, ಷರತ್ತು ಮಾತ್ರ ಮನೆಯಲ್ಲೇ ಉಳಿಯುತ್ತದೆ.

ಇಂಥ ಷರತ್ತುಗಳಿಗೆ ಸಿದ್ಧ ಪರವಾನಗಿ ರೂಪಿಸುವ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಮೊದಲ ಪರವಾನಗಿಗಳು ಹೊರಬಂದದ್ದು 2002ರ ಡಿಸೆಂಬರ್‌ನಲ್ಲಿ. ಬೆನ್ನಲ್ಲೇ ತಂತ್ರಾಂಶ ರಚನಕಾರ ಡೇವ್ ವೈನರ್ ‘ಆರ್‌ಎಸ್‌ಎಸ್ 2.0’ ಎಂಬ ಫೀಡ್ ಮಾನಕಕ್ಕೆ ಪುಟ್ಟದೊಂದು ಸೇರ್ಪಡೆ ಮಾಡಿದರು: ‘ಲೈಸೆನ್ಸ್’ ಎಂಬ ಟ್ಯಾಗ್, ಅದರೊಳಗೆ ಪರವಾನಗಿಯ ವೆಬ್ ವಿಳಾಸ. ಅಷ್ಟೇ. ಇಡೀ ಫೀಡ್‌ಗೆ ಒಂದು ಪರವಾನಗಿ ಹಾಕಿ, ಯಾವುದೋ ಒಂದು ಬರಹಕ್ಕೆ ಬೇರೆಯದನ್ನು ಹಾಕಿದರೆ, ಆ ಬರಹಕ್ಕೆ ಅದರದ್ದೇ ಪರವಾನಗಿ ಅನ್ವಯ.

2005ರಲ್ಲಿ ಬಂದ ‘ಆಟಮ್’ ಎಂಬ ಮತ್ತೊಂದು ಫೀಡ್ ಮಾನಕದಲ್ಲಿ ‘ರೈಟ್ಸ್’ ಎಂಬ ಜಾಗವಿದೆ. ಆದರೆ ಅದು ಮನುಷ್ಯರು ಓದಲೆಂದು ಇಟ್ಟದ್ದು. ಯಂತ್ರ ಓದುವಂಥ ಪರವಾನಗಿ ಕೊಂಡಿಯನ್ನು 2007ರ ‘ಆರ್‌ಎಫ್‌ಸಿ 4946’ ಎಂಬ ತಾಂತ್ರಿಕ ದಾಖಲೆ ಸೇರಿಸಿತು. ಇಲ್ಲಿ ನಿಯಮ ಬೇರೆ: ಫೀಡ್‌ಗೆ ಹಾಕಿದ ಪರವಾನಗಿ ಒಳಗಿನ ಬರಹಗಳಿಗೆ ತಾನಾಗಿಯೇ ದಾಟುವುದಿಲ್ಲ. ಪ್ರತಿ ಬರಹಕ್ಕೂ ಬೇರೆಯಾಗಿಯೇ ಹಾಕಬೇಕು. ಇದೇ ನ್ಯಾಯ. ಹತ್ತು ಕಡೆಯ ಬರಹಗಳನ್ನು ಒಟ್ಟುಮಾಡಿದ ಫೀಡ್‌ನಲ್ಲಿ, ಒಟ್ಟುಮಾಡಿದವರು ಬರೆದವರ ಪರವಾಗಿ ಒಪ್ಪಿಗೆ ಕೊಡುವುದು ಹೇಗೆ?

ಈ ಟ್ಯಾಗ್, ಕೊಂಡಿಗಳು ಬೀಗವಲ್ಲ, ನಕಲನ್ನು ತಡೆಯವು. ಆದರೂ ಎಐ ಕಂಪನಿಗಳು ಜಾಲದ ಬರಹವನ್ನೆಲ್ಲ ಬಾಚಿಕೊಳ್ಳುತ್ತಿರುವ ಈ ಹೊತ್ತಿನಲ್ಲಿ ಹಳೆಯ ಯೋಚನೆಗೆ ಮರುಜೀವ ಬಂದಿದೆ: 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ‘ಆರ್‌ಎಸ್‌ಎಲ್’ ಮಾನಕ ಎಐ ಬಳಕೆಯ ಷರತ್ತುಗಳನ್ನೂ ಯಂತ್ರಕ್ಕೆ ತಿಳಿಯುವಂತೆ ಬರೆಯಲು ದಾರಿ ಮಾಡಿದೆ.