ಧಾರವಾಡಕ್ಕೆ ಜೋರು, ಅಮೆರಿಕಕ್ಕೆ ನಿಧಾನ

ಇಂಟರ್ನೆಟ್ ನಿಧಾನವಾದರೆ ಹುಬ್ಬಳ್ಳಿಯಲ್ಲಿ ಮೊದಲ ಬೈಗುಳ ಬೀಳುವುದು ಲೈನಿಗೆ. ಸಣ್ಣಪುಟ್ಟ ಆಫೀಸುಗಳ ಲಿನಕ್ಸ್ ಸರ್ವರ್ ನೋಡಿಕೊಳ್ಳುವ ನನಗೆ ಅನುಮಾನ ಬರುವುದು ಸರ್ವರಿನ ಮೇಲೆಯೇ.

ವಿದ್ಯಾನಗರದ ಆಫೀಸೊಂದರ ಕತೆ ಕೇಳಿ. "ಅಕ್ಕಾರ, ನೂರು ಎಂಬಿಪಿಎಸ್ ಲೈನ್ ಐತಿ, ಅಮೆರಿಕಾಕ್ಕ ಫೈಲ್ ಮಾತ್ರ ಹೋಗವಲ್ದು" ಎಂದ ಅಲ್ಲಿನ ಹುಡುಗ. ಧಾರವಾಡದ ಶಾಖೆಗೆ? "ಅಲ್ಲಿಗೆ ಜೋರ್ ಹೋಗ್ತೈತ್ರಿ." ಯಜಮಾನರು ಆಗಲೇ ಇನ್ನೂರು ಎಂಬಿಪಿಎಸ್‌ಗೆ ದುಡ್ಡು ಕಟ್ಟಲು ಹೊರಟಿದ್ದರು.

ಫೈಲನ್ನು ಪ್ಯಾಕೆಟ್ ಎಂಬ ತುಂಡುಗಳಾಗಿ ಮಾಡಿ ಕಳಿಸಿ, ಮುಟ್ಟಿತು ಎಂಬ ಉತ್ತರ ಪಡೆದು, ಕಳೆದುಹೋದದ್ದನ್ನು ಮತ್ತೆ ಕಳಿಸುವ ಪದ್ಧತಿಯೇ ಟಿಸಿಪಿ. ಉತ್ತರ ಬರುವ ಮೊದಲು ಎಷ್ಟು ಡೇಟಾ ದಾರಿಯಲ್ಲಿರಬಹುದು ಎಂಬುದಕ್ಕೆ ಒಂದು ಮಿತಿಯಿದೆ, ಅದೇ ವಿಂಡೋ. 1981ರ ನಿಯಮದಲ್ಲಿ ಆ ಸಂಖ್ಯೆ ಬರೆಯಲು ಕೊಟ್ಟದ್ದು 16 ಬಿಟ್ ಜಾಗ. ಹಾಗಾಗಿ 65,535 ಬೈಟ್, ಅಂದರೆ ಸುಮಾರು 64 ಕೆಬಿ, ಮೀರುವಂತಿಲ್ಲ.

ಉತ್ತರ ಬರಲು ಎಷ್ಟು ಹೊತ್ತು ಬೇಕೆಂದು ಪಿಂಗ್ ಹಾಕಿ ನೋಡಿದೆ. ಧಾರವಾಡ 5 ಮಿಲಿಸೆಕೆಂಡ್, ಅಮೆರಿಕ 250. ಐದು ಮಿಲಿಸೆಕೆಂಡಿಗೊಮ್ಮೆ 64 ಕೆಬಿ ಕಳಿಸಿದರೆ ನೂರು ಎಂಬಿಪಿಎಸ್ ತುಂಬಿಹೋಗುತ್ತದೆ. 250ಕ್ಕೊಮ್ಮೆ ಕಳಿಸಿದರೆ ಸಿಗುವುದು ಎರಡೇ ಎರಡು ಎಂಬಿಪಿಎಸ್! ಇನ್ನೂರರ ಲೈನ್ ತಂದರೂ ಅದೇ ಎರಡು.

ಈ ಮಿತಿ ದಾಟಲೆಂದು 1992ರ ನಿಯಮದಲ್ಲಿ ವಿಂಡೋ ಸ್ಕೇಲಿಂಗ್ ಬಂತು. ಸಂಪರ್ಕ ಶುರುವಾಗುವಾಗಲೇ ಎರಡೂ ಕಡೆಯ ಮಷೀನು ಅದಕ್ಕೆ ಒಪ್ಪಬೇಕು, ಒಂದು ಒಪ್ಪದಿದ್ದರೂ ಹಳೇ ಮಿತಿಯೇ ಗತಿ. ಈಗಿನ ಲಿನಕ್ಸಿನಲ್ಲಿ ಅದು ಮೊದಲಿಂದಲೇ ಚಾಲೂ ಇರುತ್ತದೆ. ಇಲ್ಲಿ ಸಿಸ್‌ಸಿಟಿಎಲ್ ಆಜ್ಞೆ ಕೊಟ್ಟು ನೋಡಿದರೆ ಅದರ ಮುಂದೆ ಸೊನ್ನೆ, ಅಂದರೆ ಬಂದ್! ಹಿಂದೆ ಯಾರೋ ಸ್ಪೀಡ್ ಹೆಚ್ಚಿಸುತ್ತೇನೆಂದು ಎಲ್ಲಿಂದಲೋ ಒಂದಷ್ಟು ಸಾಲು ತಂದು ಸೆಟ್ಟಿಂಗ್ ಫೈಲಿನಲ್ಲಿ ಅಂಟಿಸಿ ಹೋಗಿದ್ದರು. ಸೊನ್ನೆಯನ್ನು ಒಂದು ಮಾಡಿದೆ. ಆಜ್ಞೆಯಲ್ಲಷ್ಟೇ ಬದಲಿಸಿದರೆ ರೀಸ್ಟಾರ್ಟ್ ಆದೊಡನೆ ಮತ್ತೆ ಸೊನ್ನೆ, ಆದ್ದರಿಂದ ಆ ಫೈಲಿಗೂ ಕೈ ಹಾಕಬೇಕಾಯಿತು. ಅಂಟಿಸಿದ್ದ ಉಳಿದ ಸಾಲುಗಳನ್ನೂ ಅಳಿಸಿದೆ. ಡೇಟಾ ಕಾದು ಕೂರುವ ಜಾಗವಾದ ಬಫರನ್ನು ಹಿಗ್ಗಿಸುವುದು, ಕುಗ್ಗಿಸುವುದು ಲಿನಕ್ಸಿಗೆ ನಮಗಿಂತ ಚೆನ್ನಾಗಿ ಗೊತ್ತು.

ವಿಂಡೋ ಹಿಗ್ಗಿತೆಂದು ಬೇಕಾದಷ್ಟು ಸುರಿಯಬಹುದು ಅಂತಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ, ಬರೀ 400 ಗಜ ದೂರದ ಎರಡು ಸಂಸ್ಥೆಗಳ ನಡುವೆ ವೇಗ ಸೆಕೆಂಡಿಗೆ 32,000 ಬಿಟ್‌ನಿಂದ 40ಕ್ಕೆ ಕುಸಿಯಿತು. ಸಂಜೆ ಹೊತ್ತು ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಆಗುವುದೇ ಅಲ್ಲೂ ಆಗಿತ್ತು: ಎಲ್ಲರೂ ನುಗ್ಗಿದರು, ಯಾರೂ ಹಿಂದೆ ಸರಿಯಲಿಲ್ಲ. ದಟ್ಟಣೆ ಕಂಡೊಡನೆ ತಾನಾಗಿಯೇ ಕಡಿಮೆ ಕಳಿಸುವ ಬುದ್ಧಿಯನ್ನು ಟಿಸಿಪಿಗೆ ಕಲಿಸುವ ಬಗೆಯನ್ನು ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಬರೆದು ತೋರಿಸಿದರು. ಇಂದು ಲಿನಕ್ಸಿನಲ್ಲಿ ಆ ಕೆಲಸ ಸಾಮಾನ್ಯವಾಗಿ ಕ್ಯೂಬಿಕ್ ಎಂಬ ವಿಧಾನದ್ದು. ಗೂಗಲ್‌ನವರ ಬಿಬಿಆರ್ ಕೂಡ 2016ರಿಂದ ಜೊತೆಗಿದೆ, ಒಂದೇ ಸಾಲಿನಲ್ಲಿ ಬದಲಿಸಿಕೊಳ್ಳಬಹುದು. ಆಗಾಗ ಪ್ಯಾಕೆಟ್ ಕಳೆಯುವ ದೂರದ ದಾರಿಗೆ ಬಿಬಿಆರ್ ಒಳ್ಳೆಯದೇ. ಎಸ್‌ಎಸ್ ಆಜ್ಞೆ ಕೊಟ್ಟು, ಎಷ್ಟು ಪ್ಯಾಕೆಟ್ ಎರಡೆರಡು ಸಲ ಹೋಗಿವೆ ನೋಡಿ, ನಷ್ಟ ಕಂಡಲ್ಲಿ ಮಾತ್ರ ಹಾಕುತ್ತೇನೆ. ಉಳಿದ ಕಡೆ ಕ್ಯೂಬಿಕ್ ಇದ್ದಂತೆ ಇರಲಿ.