ಸೆರಗಿನ ತುದಿಯ ಫ್ಲೂ

ಜಿಟಿಜಿಟಿ ಮಳೆ ಹಿಡಿದ ಆಗಸ್ಟ್‌ ಬೆಳಿಗ್ಗೆ. ಮಗುವಿನ ಸೋರುವ ಮೂಗನ್ನು ಅಮ್ಮ ಸೆರಗಿನ ತುದಿಯಿಂದ ಒರೆಸುತ್ತಾಳೆ. ಅದೇ ಕೈಯಲ್ಲಿ ಉಪ್ಪಿಟ್ಟು ಬಡಿಸುತ್ತಾಳೆ, ಮೊಬೈಲ್ ಎತ್ತಿಕೊಳ್ಳುತ್ತಾಳೆ, ಅಜ್ಜನ ಅಂಗೈಗೆ ಬಿಪಿ ಮಾತ್ರೆ ಹಾಕುತ್ತಾಳೆ. ಮೂರನೇ ದಿನ ಅಜ್ಜ ಮೈಕೈ ನೋವೆಂದು ಹೊದ್ದು ಮಲಗುತ್ತಾರೆ. ‘ಮಳೆಗಾಲದ ಶೀತ’ ಎಂದು ಮನೆಯವರು ಸುಮ್ಮನಾಗುತ್ತಾರೆ.

ಫ್ಲೂ ತರುವುದು ಮಳೆಯಲ್ಲ, ಇನ್‌ಫ್ಲುಯೆಂಜಾ ವೈರಸ್. ಥಂಡಿಗೆ ಹೆದರಿ ನಾವು ಕಿಟಕಿ ಮುಚ್ಚಿ ಒಂದೇ ಕೋಣೆಯಲ್ಲಿ ಕೂತಾಗ ಅದಕ್ಕೆ ದಾರಿ ಸಲೀಸು. ನಮ್ಮ ದೇಶದಲ್ಲಿ ಇದರ ಹಾವಳಿ ವರ್ಷಕ್ಕೆರಡು ಸಲ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಆಸುಪಾಸಿನಲ್ಲಿ ಮತ್ತೊಮ್ಮೆ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್‌3ಎನ್‌2 ಎಂಬ ಫ್ಲೂ ವೈರಸ್ಸಿನ ಸೋಂಕಿನಿಂದ ತೀರಿಕೊಂಡರು. ವಯಸ್ಸಾದವರು, ಗರ್ಭಿಣಿಯರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರಿಗೆ ಇದು ಬರೀ ನೆಗಡಿಯಲ್ಲ.

ಕಷ್ಟವೆಂದರೆ, ಜ್ವರ ಕಾಣಿಸುವ ಒಂದು ದಿನ ಮೊದಲೇ ವೈರಸ್ ಹರಡತೊಡಗುತ್ತದೆ. ಆಮೇಲೂ 5ರಿಂದ 7 ದಿನ ಹರಡುತ್ತಲೇ ಇರುತ್ತದೆ. ಸ್ಟೀಲು, ಪ್ಲಾಸ್ಟಿಕ್ಕಿನ ಮೇಲೆ 24 ಗಂಟೆಗೂ ಹೆಚ್ಚು ಬದುಕಿರಬಲ್ಲದು. ನಲ್ಲಿಯ ತಿರುಪು, ಬಸ್ಸಿನ ಕಂಬಿ, ಬಾಗಿಲ ಚಿಲಕ ಎಲ್ಲವೂ ಅದಕ್ಕೆ ತಂಗುದಾಣ. ಹಾಗಾಗಿ ಮೂಗು ಒರೆಸಿದ ಕೂಡಲೇ 20 ಸೆಕೆಂಡು ಸೋಪು ಹಚ್ಚಿ ಕೈ ತೊಳೆಯಿರಿ. ಬಚ್ಚಲಮನೆಯಲ್ಲಿ ಎಲ್ಲರಿಗೂ ಒಂದೇ ಟವೆಲ್ ಬೇಡ. ಕೆಮ್ಮು ಬಂದರೆ ಅಂಗೈ ಅಡ್ಡ ಹಿಡಿಯುವ ಬದಲು ಮೊಣಕೈ ಮಡಚಿ ಕೆಮ್ಮಿ.

ಮೆಣಸು, ಶುಂಠಿ ಕಷಾಯ ಗಂಟಲಿಗೆ ಹಿತ, ಧಾರಾಳವಾಗಿ ಕುಡಿಯಿರಿ. ಆದರೆ ವೈರಸ್ಸನ್ನು ಅದು ತಡೆಯದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆಂಟಿಬಯೋಟಿಕ್ಕೂ ಅಷ್ಟೆ. ತಡೆಯುವ ಶಕ್ತಿ ಇರುವುದು ಲಸಿಕೆಗೆ. ವೈರಸ್ ರೂಪ ಬದಲಿಸುವುದರಿಂದ ಪ್ರತಿ ವರ್ಷ ಹಾಕಿಸಬೇಕು, ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು. ಮಳೆಗಾಲಕ್ಕೆ ಮುಂಚೆಯೇ ವೈದ್ಯರನ್ನು ಕೇಳಿ. ಉಸಿರಾಟ ಕಷ್ಟವಾದರೆ, ಎದೆನೋವು ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಿ.

ಎಲ್ಲಕ್ಕಿಂತ ನನ್ನನ್ನು ಕಾಡುವುದು, ಜ್ವರದಲ್ಲೂ ಹೊರಗೆ ಹೋಗುವ ನಮ್ಮ ಹಟ. ಒಂದು ದಿನವೂ ತಪ್ಪಿಸದ ಮಗುವಿಗೆ ಪೂರ್ಣ ಹಾಜರಾತಿಯ ಬಹುಮಾನ ಕೊಡುವ ಪದ್ಧತಿಯನ್ನು ಶಾಲೆಗಳು ಕೈಬಿಡಬೇಕು. ಬಿಸಿ ಮೈಯಲ್ಲಿ ಬಂದ ಒಂದು ಮಗು ಇಡೀ ತರಗತಿಗೆ ಸೋಂಕು ಹಂಚಬಲ್ಲದು. ಮಾತ್ರೆಯ ಬಲವಿಲ್ಲದೆ ಜ್ವರ ಬಿಟ್ಟು 24 ಗಂಟೆ ಕಳೆಯುವವರೆಗೆ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಿ. ಮನೆಗೆಲಸಕ್ಕೆ ಬರುವಾಕೆ ಜ್ವರವೆಂದು ಫೋನ್ ಮಾಡಿದರೆ, ಸಂಬಳ ಹಿಡಿಯದೆ ರಜೆ ಕೊಡಿ.